ಹಳೇ ಡೆಸ್ಕ್‌ಟಾಪ್ ಬದಲಿಗೆ ಲ್ಯಾಪ್‌ಟಾಪ್: 40 ಸಾವಿರದಲ್ಲಿ ಏನು ನೋಡಿ ಕೊಳ್ಳಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. 2014ರಲ್ಲಿ ಶಿವಮೊಗ್ಗದಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪ್ ಮನೆಯಲ್ಲಿದೆ. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, ವಿಂಡೋಸ್ 10. ಆನ್ ಆಗಲಿಕ್ಕೇ ಹತ್ತು ನಿಮಿಷ ಬೇಕು. ಯುಪಿಎಸ್ ಕೆಟ್ಟು ಎರಡು ಮಳೆಗಾಲ ಕಳೆಯಿತು. ತೋಟದ ಲೆಕ್ಕ ಮತ್ತು ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತೇನೆ. ಅರ್ಜಿ, ನಡಾವಳಿ ಎಲ್ಲ ನುಡಿ ತಂತ್ರಾಂಶದಲ್ಲಿ. ಮಗಳು ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಾಳೆ, ಅವಳಿಗೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬೇಕು, ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. 40 ಸಾವಿರದೊಳಗಿನ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸವೆಲ್ಲ ಆದೀತೆ? ಒಂದು ಅಂಗಡಿಯಲ್ಲಿ 26 ಸಾವಿರದ, ಸೆಲೆರಾನ್ ಪ್ರೊಸೆಸರಿನ ಲ್ಯಾಪ್‌ಟಾಪ್ ತೋರಿಸಿದರು. ಇನ್ನೊಬ್ಬರು, ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಸಾಕು ಎಂದರು.

ಉತ್ತರ: ಆದೀತು. ನಿಮ್ಮ ಊರಿನ ಮಟ್ಟಿಗೆ ಡೆಸ್ಕ್‌ಟಾಪ್‌ಗಿಂತ ಚೆನ್ನಾಗಿಯೇ ಆದೀತು. ಆದರೆ ಹಳೆಯದನ್ನು ಪೂರಾ ಎತ್ತಿ ಅಟ್ಟಕ್ಕೆ ಹಾಕಬೇಡಿ. ಮಾನಿಟರ್, ಕೀಬೋರ್ಡ್, ಮೌಸ್ ಇರುವ ಜಾಗದಲ್ಲೇ ಇರಲಿ. ಬದಲಾಗಬೇಕಾದದ್ದು ಮೇಜಿನ ಕೆಳಗಿರುವ ಡಬ್ಬ ಮಾತ್ರ. ಹೀಗೆ ಯೋಚಿಸಿದರೆ ದೊಡ್ಡ ಪರದೆಗೆ, ಹೊರಗಿನ ಅಂದಕ್ಕೆ ಕೊಡುವ ದುಡ್ಡನ್ನು ಒಳಗಿನ ಸಾಮಾನಿಗೆ ಹಾಕಬಹುದು.

ಹಳೆಯದನ್ನೇ ಉಳಿಸಿಕೊಳ್ಳಬಹುದೇ ಎಂಬುದನ್ನೂ ನೋಡೋಣ. ಅದರ ಹಾರ್ಡ್ ಡಿಸ್ಕ್ ತೆಗೆದು ಒಂದು 240 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ) ಕೂರಿಸಿ, ರ್‍ಯಾಮ್ 8 ಜಿಬಿ ಮಾಡಿದರೆ ಒಂದು ನಿಮಿಷದೊಳಗೆ ಆನ್ ಆಗುತ್ತದೆ. ತೊಂದರೆ ಬೇರೆ ಕಡೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡವರಿಗೆ ಭದ್ರತಾ ಅಪ್‌ಡೇಟ್ ಸಿಗುವುದು 2026ರ ಅಕ್ಟೋಬರ್ 13ರ ತನಕ ಎಂದು ಆಗಲೇ ತಿಳಿಸಿತ್ತು. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನವಕ್ಕೆ ಮಾತ್ರ ಅಧಿಕೃತ ಒಪ್ಪಿಗೆ, ನಿಮ್ಮದು ನಾಲ್ಕನೆಯದು. ಅಡ್ಡದಾರಿಯಲ್ಲಿ ಹಾಕಿಕೊಡುವವರು ಸಿಗುತ್ತಾರೆ. ಸಂಘದ ಬ್ಯಾಂಕ್ ಖಾತೆಯನ್ನು ಆ ಕಂಪ್ಯೂಟರಿನಲ್ಲಿ ತೆರೆಯುವುದಾದರೆ ನಾನು ಒಪ್ಪುವುದಿಲ್ಲ. ಅದು ಹತ್ತಾರು ಹೆಂಗಸರ ಉಳಿತಾಯದ ದುಡ್ಡು.

ಮಲೆನಾಡಿನಲ್ಲಿ ಲ್ಯಾಪ್‌ಟಾಪೇ ಸರಿ ಎನ್ನಲು ದೊಡ್ಡ ಕಾರಣ ಕರೆಂಟು. ಗಾಳಿ ಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಮುಗಿಯಿತು, ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ನಿಮ್ಮ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ ಸುಮಾರು 100 ವ್ಯಾಟ್ ಎಳೆಯುತ್ತವೆ. ಸಾಮಾನ್ಯ ಲ್ಯಾಪ್‌ಟಾಪ್ ಇದೇ ಲೆಕ್ಕಪತ್ರದ ಕೆಲಸವನ್ನು 20 ವ್ಯಾಟ್ ಆಸುಪಾಸಿನಲ್ಲಿ ಮಾಡುತ್ತದೆ. ಮನೆಯಲ್ಲಿ 150 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿ ಇದೆ ಎಂದುಕೊಳ್ಳಿ. 12 ವೋಲ್ಟಿನಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಬ್ಯಾಟರಿ ಪೂರ್ತಿ ಬರಿದಾಗಲು ಬಿಡಬಾರದು, ಇನ್ವರ್ಟರಿನಲ್ಲೂ ಸೋರಿಕೆ ಉಂಟು. ಅದೆಲ್ಲ ಕಳೆದು 1,000 ಕೈಗೆ ಬಂತೆನ್ನಿ. ಡೆಸ್ಕ್‌ಟಾಪ್ ಅದನ್ನು ಹತ್ತು ಗಂಟೆಯಲ್ಲಿ ಮುಗಿಸುತ್ತದೆ, ಲ್ಯಾಪ್‌ಟಾಪ್ ಐವತ್ತು ಗಂಟೆ ನಡೆಯುತ್ತದೆ. ಮನೆಯ ದೀಪ, ಫ್ಯಾನುಗಳಿಗೂ ಅದೇ ಬ್ಯಾಟರಿ ತಾನೆ. ಕರೆಂಟು ಹೋದಾಗ ಮಾನಿಟರಿನ ವಯರ್ ಕಳಚಿ ಲ್ಯಾಪ್‌ಟಾಪ್ ಪರದೆಯಲ್ಲೇ ಕೆಲಸ ಮುಂದುವರಿಸಿ. ಬರೆಯುತ್ತಿದ್ದ ನಡಾವಳಿ ಅರ್ಧಕ್ಕೇ ಮಾಯವಾಗುವ ಭಯವೂ ಇರುವುದಿಲ್ಲ. ಕಳಪೆ ಯುಪಿಎಸ್‌ಗೆ ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಹಾಕಿಸುವ ಖರ್ಚೂ ತಪ್ಪಿತು.

ಇನ್ನು ಪ್ರೊಸೆಸರ್. ನಮ್ಮ ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ‘ಐ3’, ‘ರೈಜೆನ್ 5’ ಎಂಬ ಚೀಟಿ ನೋಡಿ ದುಡ್ಡು ಕೊಟ್ಟುಬಿಡುತ್ತೇವೆ. ಮಂಡಿಯಲ್ಲಿ ಚೀಲದ ಮೇಲಿನ ಗುರುತು ನೋಡಿ ಅಡಿಕೆಗೆ ದರ ಕಟ್ಟುತ್ತಾರೆಯೇ? ಕೈಹಾಕಿ ತೆಗೆದು ನೋಡುತ್ತಾರೆ. ಇಲ್ಲಿ ಹಾಗೆ ನೋಡಬೇಕಾದದ್ದು ಹೆಸರಿನ ಮುಂದಿನ ಪೂರ್ತಿ ಸಂಖ್ಯೆ. ಇಂಟೆಲ್‌ನ ಐ3-1215ಯು ನಿಮ್ಮ ಕೆಲಸಕ್ಕೆ ಒಳ್ಳೆಯ ಆಯ್ಕೆ. ಅದರಲ್ಲಿ ಎರಡು ವೇಗದ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ), ನಾಲ್ಕು ಮಿತವ್ಯಯದ ಕೋರ್, ಒಟ್ಟು ಆರು. ಐ3-1315ಯು ಅದರದೇ ತಮ್ಮ. ಆದರೆ ಐ3-1305ಯು ಎಂದು ಇನ್ನೊಂದಿದೆ, ಅದು ಹದಿಮೂರನೇ ತಲೆಮಾರಿನದು, ಅಂಗಡಿಯಲ್ಲಿ ‘ಹೊಸದು’ ಎಂದು ತೋರಿಸುತ್ತಾರೆ. ಅದರಲ್ಲಿ ವೇಗದ ಕೋರ್ ಒಂದೇ. ತಲೆಮಾರು ಮುಂದಿನದು ಎಂದಮಾತ್ರಕ್ಕೆ ಯಂತ್ರ ಮೇಲು ಎನ್ನಲಾಗದು.

ಎಎಮ್‌ಡಿಯ ರೈಜೆನ್ ಇನ್ನೂ ಗೋಜಲು. 7000 ಸಾಲಿನಲ್ಲಿ ಮೂರನೇ ಅಂಕಿ ನೋಡಿ. 7320ಯು ಮತ್ತು 7520ಯು ಎರಡರಲ್ಲೂ ಮೂರನೇ ಅಂಕಿ 2. ಎಂದರೆ ಒಳಗಿರುವುದು 2019ರ ಝೆನ್ 2 ವಿನ್ಯಾಸ, ನಾಲ್ಕು ಕೋರ್. ಒಂದಕ್ಕೆ ರೈಜೆನ್ 3, ಇನ್ನೊಂದಕ್ಕೆ ರೈಜೆನ್ 5 ಎಂದು ಹೆಸರು, ಬೆಲೆಯಲ್ಲಿ ಅಂತರ, ಕೆಲಸದಲ್ಲಿ ಅಷ್ಟು ಅಂತರ ಕಾಣದು. ಎರಡರಲ್ಲೂ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮುಂದೆ ಏರಿಸಲು ಸಾಧ್ಯವೇ ಇಲ್ಲ. ಬದಲಿಗೆ ರೈಜೆನ್ 5 7530ಯು ಸಿಕ್ಕರೆ ಮೂರನೇ ಅಂಕಿ 3, ಝೆನ್ 3 ವಿನ್ಯಾಸ, ಆರು ಕೋರ್. ಅದು ಕೈಗೆಟುಕುವ ಬೆಲೆಗೆ ಬಂದರೆ ಎರಡನೇ ಯೋಚನೆ ಬೇಡ.

ನಿಮಗೆ ತೋರಿಸಿದ ಸೆಲೆರಾನ್ ಬೇಡ. 26 ಸಾವಿರ ಅದಕ್ಕೆ ಕಡಿಮೆಯಲ್ಲ. ಎರಡು ಕೋರಿನ ಸೆಲೆರಾನ್‌ಗಳು ಕೊಂಡ ದಿನವೇ ನಿಧಾನ, ಎರಡು ವರ್ಷದಲ್ಲಿ ನಿಮ್ಮ ಈಗಿನ ಡೆಸ್ಕ್‌ಟಾಪ್‌ನ ಗತಿಗೇ ಬರುತ್ತವೆ. ಈ ದರ್ಜೆಯ ಕೆಲವದರಲ್ಲಿ ಎಸ್‌ಎಸ್‌ಡಿ ಬದಲು ಇಎಮ್‌ಎಮ್‌ಸಿ ಎಂಬ ಸಣ್ಣ ಸಂಗ್ರಹವನ್ನು ಬೋರ್ಡಿಗೇ ಬೆಸೆದಿರುತ್ತಾರೆ; 64 ಜಿಬಿ ಇದ್ದರೆ ವಿಂಡೋಸ್ ಅಪ್‌ಡೇಟಿಗೇ ಜಾಗ ಸಾಲದು. ಇಂಟೆಲ್ ಎನ್100 ಸೆಲೆರಾನ್‌ಗಿಂತ ವಾಸಿ, ಬರೀ ಟೈಪಿಂಗ್ ಮತ್ತು ಇಂಟರ್ನೆಟ್‌ಗೆ ನಡೆಯುತ್ತದೆ. ನಿಮ್ಮ ಬಳಿ 40 ಸಾವಿರ ಇರುವಾಗ ಅಲ್ಲಿಗೆ ಇಳಿಯುವ ಅಗತ್ಯವಿಲ್ಲ.

ರ್‍ಯಾಮ್ 8 ಜಿಬಿಗಿಂತ ಕಡಿಮೆ ಬೇಡವೇ ಬೇಡ. ವಿಂಡೋಸ್ 11 ತನಗೇ ಮೂರು ನಾಲ್ಕು ಜಿಬಿ ಇಟ್ಟುಕೊಳ್ಳುತ್ತದೆ, ಪರದೆಯ ಗ್ರಾಫಿಕ್ಸೂ ಅದರಲ್ಲೇ ಪಾಲು ಕೇಳುತ್ತದೆ. ಉಳಿದದ್ದರಲ್ಲಿ ಕ್ರೋಮ್, ಎಕ್ಸೆಲ್, ಟ್ಯಾಲಿ ಮೂರೂ ಇರಬೇಕು. 16 ಇದ್ದರೆ ನೆಮ್ಮದಿ, ಆದರೆ 2025ರ ಕೊನೆಯಿಂದ ಜಗತ್ತಿನಾದ್ಯಂತ ರ್‍ಯಾಮ್ ಬೆಲೆ ಏರಿದ್ದರಿಂದ ನಿಮ್ಮ ಬಜೆಟ್ಟಿನಲ್ಲಿ ಅದು ಕಷ್ಟ. ಹಾಗಾಗಿ 8 ಜಿಬಿಯದನ್ನೇ ಕೊಳ್ಳಿ, ಆದರೆ ಮುಂದೆ ಇನ್ನೊಂದು ರ್‍ಯಾಮ್ ಪಟ್ಟಿ ಕೂರಿಸಲು ಖಾಲಿ ಸ್ಲಾಟ್ ಇರುವುದನ್ನೇ ಕೊಳ್ಳಿ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಅದೇ ಮಾದರಿಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ಎಸ್‌ಒ-ಡಿಮ್’ ಎಂದಿದ್ದರೆ ತೆಗೆದು ಹಾಕಬಹುದಾದ ಪಟ್ಟಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸೆದದ್ದು. ಬೆಸೆದ 8 ಜಿಬಿ ಜೊತೆಗೆ ಒಂದು ಖಾಲಿ ಸ್ಲಾಟ್ ಇರುವ ಮಾದರಿಗಳೂ ಉಂಟು, ಅವೂ ಆಗಬಹುದು. ಮಾರುವವರು ಬಾಯಿಮಾತಿನಲ್ಲಿ ‘ಹಾಕಬಹುದು ಮೇಡಂ’ ಎಂದರೆ ಸಾಲದು, ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ವಿವರ ತೋರಿಸಲು ಹೇಳಿ.

ಎಸ್‌ಎಸ್‌ಡಿ 512 ಜಿಬಿ ಇರಲಿ, ಎನ್‌ವಿಎಮ್‌ಇ ಎಂಬ ವೇಗದ ಬಗೆಯದಿರಲಿ. ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಈಗ ಥಿಂಕ್‌ಪ್ಯಾಡ್ ಮಾತು. ನಿಮಗೆ ಅದನ್ನು ಹೇಳಿದವರು ತಪ್ಪು ಹೇಳಿಲ್ಲ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳ ಕೀಬೋರ್ಡು, ಪರದೆಯ ಕೀಲು, ಮೈಕಟ್ಟು 40 ಸಾವಿರದ ಹೊಸ ಲ್ಯಾಪ್‌ಟಾಪ್‌ಗಿಂತ ಗಟ್ಟಿ. ಥಿಂಕ್‌ಪ್ಯಾಡ್ ಟಿ480 ಎಂಬುದು 2018ರದು, ಬಹುಪಾಲು ಎಂಟನೇ ತಲೆಮಾರು, ಅಂಥದಕ್ಕೆ ವಿಂಡೋಸ್ 11 ಅಧಿಕೃತವಾಗಿ ಕೂರುತ್ತದೆ. ಎರಡು ರ್‍ಯಾಮ್ ಸ್ಲಾಟ್, ಒಳಗೊಂದು ಹೊರಗೊಂದು ಬ್ಯಾಟರಿ, ಲ್ಯಾನ್ ಕೇಬಲ್ಲಿಗೂ ಜಾಗ. ಶಿವಮೊಗ್ಗ ಪೇಟೆಯಲ್ಲೇ ಇದ್ದು, ರಿಪೇರಿ ಬಲ್ಲವರ ಪರಿಚಯ ಇದ್ದವರಿಗೆ ನಾನೇ ಕೊಳ್ಳಿ ಎನ್ನುತ್ತೇನೆ. ನಿಮಗೆ ಹೇಳಲು ಹಿಂಜರಿಯುವುದು ಎರಡು ಕಾರಣಕ್ಕೆ. ಹಳೆಯದರಲ್ಲಿ ಮೊದಲು ಸೋಲುವುದು ಬ್ಯಾಟರಿ, ನೀವು ಲ್ಯಾಪ್‌ಟಾಪ್ ಕೊಳ್ಳುತ್ತಿರುವುದೇ ಬ್ಯಾಟರಿಗಾಗಿ. ಇನ್ನೊಂದು, ಏನಾದರೂ ಕೆಟ್ಟರೆ ಹೊಸನಗರದಿಂದ ಶಿವಮೊಗ್ಗಕ್ಕೆ ಒಂದು ದಿನದ ಕೆಲಸ ಬಿಟ್ಟು ಬಸ್ಸು ಹತ್ತಬೇಕು. ಆದರೂ ಹಳೆಯದೇ ಎಂದು ತೀರ್ಮಾನಿಸಿದರೆ ವಿಂಡೋಸ್‌ನ ಬ್ಯಾಟರಿ ವರದಿ ತೆಗೆಸಿ ನೋಡಿ. ಅದರಲ್ಲಿ ಬ್ಯಾಟರಿ ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎರಡೂ ಇರುತ್ತವೆ. ಮುಕ್ಕಾಲು ಪಾಲಿಗಿಂತ ಕೆಳಗಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಹಿಡಿದೇ ಚೌಕಾಸಿ ಮಾಡಿ. ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಏಳುವ ಯಂತ್ರದ ಮೂಲ ತಂತ್ರಾಂಶ) ಪಾಸ್‌ವರ್ಡ್ ಹಾಕಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನೀವು ಕೇಳದೇ ಬಿಟ್ಟ ಒಂದು ವಿಷಯವಿದೆ, ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕಾದದ್ದು. ಡೆಸ್ಕ್‌ಟಾಪ್ ಮನೆಯ ಆಸ್ತಿ, ಎಲ್ಲರೂ ಅದರ ಬಳಿ ಬರುತ್ತಾರೆ. ಲ್ಯಾಪ್‌ಟಾಪ್ ಯಾರು ಹೊತ್ತೊಯ್ಯುತ್ತಾರೋ ಅವರದು. ಮಗಳು ಸೋಮವಾರ ಬೆಳಗ್ಗಿನ ಬಸ್ಸಿಗೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರೆ ಸಂಘದ ಲೆಕ್ಕ ಶನಿವಾರದ ತನಕ ಕಾಯಬೇಕು. ಪರೀಕ್ಷೆ ಹತ್ತಿರ ಬಂದರೆ ಆ ಶನಿವಾರವೂ ಅವಳು ಬರಲಿಕ್ಕಿಲ್ಲ. ಯಂತ್ರ ಅವಳ ಜೊತೆ ಓಡಾಡುವುದಾದರೆ 14 ಇಂಚಿನದು, ಒಂದೂವರೆ ಕೆ.ಜಿ. ಆಸುಪಾಸಿನದು ಕೊಳ್ಳಿ, ಮನೆಗೆ ಬಂದಾಗ ಮಾನಿಟರಿಗೆ, ದೊಡ್ಡ ಕೀಬೋರ್ಡಿಗೆ ಜೋಡಿಸಿ ಕೆಲಸ ಮಾಡಬಹುದು. ಅದು ಮನೆಯಲ್ಲೇ ಇರುವುದಾದರೆ 15.6 ಇಂಚಿನದು ಸರಿ, ಅಂಕಿಗಳ ಪ್ರತ್ಯೇಕ ಕೀಲಿಗಳು ಬಹುಪಾಲು ಅಂಥದರಲ್ಲೇ ಇರುತ್ತವೆ. ಅವಳ ಕಾಲೇಜಿನ ಲ್ಯಾಬಿನಲ್ಲಿ ಟ್ಯಾಲಿ ಇದ್ದರೆ ಎರಡನೆಯದೇ ಮೇಲು ಎಂದು ನನಗನ್ನಿಸುತ್ತದೆ. ನೀವು ವರ್ಷಗಟ್ಟಲೆ ಇಟ್ಟುಕೊಂಡು ಬಂದ ಲೆಕ್ಕಕ್ಕೆ ಅಡಚಣೆ ಆಗಬಾರದು. ಯಾವುದೇ ಆದರೂ ನಿಮಗೊಂದು, ಮಗಳಿಗೊಂದು ಬೇರೆ ಬೇರೆ ಯೂಸರ್ ಅಕೌಂಟ್ ಮಾಡಿಸಿ.

ಪರದೆ ಫುಲ್ ಎಚ್‌ಡಿ, ಐಪಿಎಸ್ ಇರುವುದನ್ನು ಕೇಳಿ. ಪಕ್ಕದಿಂದ ನೋಡಿದರೆ ಬಣ್ಣ ಬಿಳಚಿಕೊಳ್ಳುವುದು ಟಿಎನ್ ಪರದೆ, ನಾಲ್ಕು ಹೆಂಗಸರು ಸುತ್ತ ಕೂತು ಲೆಕ್ಕ ನೋಡುವಾಗ ಅದು ಕಣ್ಣಿಗೆ ಹಿಂಸೆ. 2014ರ ನಿಮ್ಮ ಮಾನಿಟರಿಗೆ ನೀಲಿ ತಲೆಯ ವಿಜಿಎ ವಯರ್ ಮಾತ್ರ ಇರಬಹುದು. ಎಚ್‌ಡಿಎಮ್‌ಐನಿಂದ ವಿಜಿಎಗೆ ಬದಲಾಯಿಸುವ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ ಕಿಂಡಿ ಎರಡೋ ಮೂರೋ ಇರುತ್ತವೆ. ಕೀಬೋರ್ಡ್, ಮೌಸ್, ಪ್ರಿಂಟರ್ ಸೇರಿದರೆ ಅಲ್ಲಿಗೇ ಮುಗಿಯಿತು, ಒಂದು ಯುಎಸ್‌ಬಿ ಹಬ್ ತೆಗೆದುಕೊಳ್ಳಿ.

ತಂತ್ರಾಂಶದ ವಿಷಯದಲ್ಲಿ ನಿಮಗೆ ವಿಂಡೋಸ್ ಇರುವ ಲ್ಯಾಪ್‌ಟಾಪೇ ಆಗಬೇಕು. ಕ್ರೋಮ್‌ಬುಕ್ ಅಗ್ಗವಾಗಿ ಕಾಣುತ್ತದೆ, ಅದರಲ್ಲಿ ನುಡಿ, ಟ್ಯಾಲಿ ನಡೆಯುವುದಿಲ್ಲ. ಸ್ನಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಬಂದಿವೆ, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಆದರೆ ಹಲವು ಹಳೇ ಪ್ರಿಂಟರುಗಳ ಡ್ರೈವರ್ ಅದಕ್ಕೆ ಹೊಂದುವುದಿಲ್ಲ, ನಿಮಗೆ ಬೇಡ. ‘ಡಾಸ್’ ಎಂದು ಮಾರುವವು ವಿಂಡೋಸ್ ಇಲ್ಲದವು; ಅಸಲಿ ವಿಂಡೋಸ್ ಕೊಂಡು ಹಾಕಿಸಿದರೆ ಉಳಿತಾಯ ಅಲ್ಲಿಗೇ ಹೋಗುತ್ತದೆ. ಜೊತೆಗೆ ಎಂಎಸ್ ಆಫೀಸ್ ಬರುತ್ತದೆಯೇ, ಬಂದರೆ ಅದು ಶಾಶ್ವತದ್ದೋ ಒಂದು ವರ್ಷದ್ದೋ ಕೇಳಿ. ಇಲ್ಲದಿದ್ದರೆ ಲಿಬ್ರೆ ಆಫೀಸ್ ಉಚಿತ, ನಿಮ್ಮ ಎಕ್ಸೆಲ್ ಲೆಕ್ಕಗಳನ್ನು ತೆರೆಯುತ್ತದೆ.

ನುಡಿಯ ಬಗ್ಗೆ ಎಚ್ಚರ ಬೇಕು. ಹತ್ತು ವರ್ಷದ ನಿಮ್ಮ ನಡಾವಳಿಗಳು ಬಹುಶಃ ‘ನುಡಿ 01 ಇ’ಯಂಥ ಹಳೆಯ ಫಾಂಟುಗಳಲ್ಲಿವೆ. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಗಾಬರಿ ಬೇಡ, ಬರಹ ಹಾಳಾಗಿರುವುದಿಲ್ಲ. ಶಿವಮೊಗ್ಗಕ್ಕೆ ಹೋಗುವಾಗ ನಾಲ್ಕಾರು ಹಳೇ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು, ನುಡಿ ಹಾಕಿಸಿ, ಅಲ್ಲೇ ತೆರೆದು ನೋಡಿ ಬನ್ನಿ. ಹೊಸದಾಗಿ ಬರೆಯುವುದನ್ನೆಲ್ಲ, ಫಾಂಟು ಬದಲಾದರೂ ಅಕ್ಷರ ಕೆಡದ ಯೂನಿಕೋಡ್‌ನಲ್ಲೇ ಬರೆಯಿರಿ, ಮೊಬೈಲಿನಲ್ಲೂ ಓದಬಹುದು.

ಟ್ಯಾಲಿಗೆ ಭಾರೀ ಯಂತ್ರ ಬೇಡ. ಕಲಿಯುವವರಿಗೆ ಟ್ಯಾಲಿಪ್ರೈಮ್‌ನಲ್ಲಿ ಲೈಸೆನ್ಸ್ ಇಲ್ಲದೆ ನಡೆಯುವ ಎಜುಕೇಷನಲ್ ಮೋಡ್ ಇದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ (ವ್ಯವಹಾರದ ನಮೂದು) ಬರೆಯಬಹುದು. ಅಭ್ಯಾಸಕ್ಕೆ ಅಷ್ಟು ಧಾರಾಳ. ಕದ್ದ ಪ್ರತಿ ಹಾಕಿಕೊಡುತ್ತೇವೆ ಎಂದರೆ ಬೇಡ ಎನ್ನಿ, ವೈರಸ್ ಬರುವ ಹೆದ್ದಾರಿ ಅದು.

ಬ್ರ್ಯಾಂಡ್ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಲೆನೊವೊ, ಎಚ್‌ಪಿ, ಡೆಲ್, ಏಸಸ್, ಏಸರ್, ಈ ಐದರಲ್ಲಿ ನಿಮ್ಮ ಬೆಲೆಗೆ ಮೇಲಿನ ಸಾಮಾನು ಯಾವುದರಲ್ಲಿದೆಯೋ ಅದು. ಅದಕ್ಕಿಂತ ಮುಖ್ಯ, ವಾರಂಟಿ ‘ಆನ್‌ಸೈಟ್’ ಎಂದಿದ್ದರೆ ನಿಮ್ಮ ಪಿನ್‌ಕೋಡ್ ಹೇಳಿ ಎಂಜಿನಿಯರ್ ಅಲ್ಲಿಯವರೆಗೆ ಬರುತ್ತಾರೆಯೇ ಎಂದು ಕಂಪನಿಯ ಸಹಾಯವಾಣಿಗೇ ಕರೆ ಮಾಡಿ ಕೇಳಿ. ಬರುವುದಿಲ್ಲ ಎಂದರೆ ಶಿವಮೊಗ್ಗದಲ್ಲಿ ಅವರ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ತಿಳಿದುಕೊಳ್ಳಿ. ಆನ್‌ಲೈನ್ ಸೇಲಿನಲ್ಲಿ ಎರಡು ಮೂರು ಸಾವಿರ ಕಡಿಮೆಗೆ ಸಿಗಬಹುದು. ನೀವು ಶಿವಮೊಗ್ಗದ ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಅಂಗಡಿಯಲ್ಲಿ ಕೊಂಡರೆ ಆ ದುಡ್ಡಿಗೆ ಕೈಯಲ್ಲಿ ಮುಟ್ಟಿ ನೋಡುವ ಅವಕಾಶ, ರ್‍ಯಾಮ್ ಹಾಕಿಸಿಕೊಳ್ಳುವ ಅನುಕೂಲ, ಕೇಳಲು ಒಂದು ಮುಖ ಸಿಗುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಅಂಗಡಿಯನ್ನೇ ಆರಿಸುತ್ತೇನೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

ಅಂಗಡಿಯಲ್ಲಿ ವಿಂಡೋಸ್ ಮೊದಲ ಸಲ ತೆರೆಯುವಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ಅವಸರದಲ್ಲಿ ಅಂಗಡಿಯ ಹುಡುಗರು ತಮ್ಮದೇ ಇಮೇಲ್ ಹಾಕಿಬಿಡುವುದುಂಟು. ಇದಕ್ಕೆ ಖಂಡಿತ ಬಿಡಬೇಡಿ. ಈಗಿನ ವಿಂಡೋಸ್ 11 ಅನೇಕ ಯಂತ್ರಗಳಲ್ಲಿ ಡಿಸ್ಕನ್ನು ತಾನಾಗಿಯೇ ಬೀಗ ಹಾಕಿ ಇಡುತ್ತದೆ, ಆ ಬೀಗದ ರಿಕವರಿ ಕೀ ಅದೇ ಅಕೌಂಟಿಗೆ ಸೇರುತ್ತದೆ. ನಾಳೆ ಯಂತ್ರ ಕೈಕೊಟ್ಟು ಕೀ ಕೇಳಿದರೆ, ಅದು ಯಾರದೋ ಇಮೇಲಿನಲ್ಲಿದ್ದರೆ, ಲೆಕ್ಕವೆಲ್ಲ ಹೋದಂತೆಯೇ. ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರ್ ಕೊಟ್ಟು ಮಾಡಿಸಿ, ರಿಕವರಿ ಕೀಯನ್ನು ಒಂದು ಹಾಳೆಗೆ ಪ್ರಿಂಟ್ ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಡಿ.

ಮನೆಗೆ ತಂದ ಮೇಲಿನ ಜೋಪಾನ. ಭರಣಿ, ಕೃತ್ತಿಕೆಯಲ್ಲೂ ಮತ್ತೆ ಹಸ್ತ, ಚಿತ್ತೆಯಲ್ಲೂ ನಮ್ಮಲ್ಲಿ ಗುಡುಗು ಸಿಡಿಲು ಹೆಚ್ಚು. ಆಗ ಚಾರ್ಜರಿನ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ. ಸ್ಪೈಕ್ ಗಾರ್ಡ್ ಇದೆಯಲ್ಲ ಎನ್ನಬೇಡಿ. ಹೆಚ್ಚಾಗಿ ನುಗ್ಗಿದ ವಿದ್ಯುತ್ತನ್ನು ಅದು ಭೂಮಿಗೆ ಹರಿಸಬೇಕಾದರೆ ಮನೆಯ ಅರ್ಥಿಂಗ್ ಸರಿಯಿರಬೇಕು, ಹಳೇ ಮನೆಗಳಲ್ಲಿ ಅದು ಸರಿಯಿರುವುದು ಕಡಿಮೆ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ಮೆಂದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಆರಿದ್ರಾದಿಂದ ಪುಷ್ಯದ ತನಕ ಕಾಟ ಕೊಡುವುದು ತೇವ. ವಾರಗಟ್ಟಲೆ ಮುಚ್ಚಿಟ್ಟ ಚೀಲದೊಳಗೆ ಬೂಷ್ಟು ಬರುತ್ತದೆ, ಕಿಂಡಿಗಳಿಗೆ ತುಕ್ಕು ಹಿಡಿಯುತ್ತದೆ. ದಿನಕ್ಕೆ ಒಂದರ್ಧ ಗಂಟೆಯಾದರೂ ಆನ್ ಮಾಡಿ, ಒಳಗಿನ ಬಿಸಿಗೇ ತೇವ ಆರುತ್ತದೆ. ಅಡಿಕೆ ಸುಲಿಯುವ ಜಗಲಿಯ ಧೂಳು, ಬಚ್ಚಲೊಲೆಯ ಹೊಗೆ ಎರಡೂ ಅದರ ಫ್ಯಾನಿಗೆ ಆಗದು.

ಸದಾ ಪ್ಲಗ್ಗಿನಲ್ಲೇ ಇಟ್ಟರೆ ಬ್ಯಾಟರಿ ಬೇಗ ಸೊರಗುತ್ತದೆ. ಹೆಚ್ಚಿನ ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಬೇಸಿಗೆಯಲ್ಲಿ ಅದನ್ನು ಹಾಕಿಡಿ. ಮಳೆ ಹಿಡಿದು ಕರೆಂಟು ಕೈಕೊಡುವ ದಿನಗಳಲ್ಲಿ ತೆಗೆದು ಪೂರ್ತಿ ಚಾರ್ಜ್ ಮಾಡಿಕೊಳ್ಳಿ.

ಹಳೇ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕನ್ನು ಗುಜರಿಗೆ ಕೊಡಬೇಡಿ. ಅದನ್ನು ಯುಎಸ್‌ಬಿಗೆ ಜೋಡಿಸುವ ಡಬ್ಬ ಸಿಗುತ್ತದೆ. ಡೆಸ್ಕ್‌ಟಾಪ್ ಡಿಸ್ಕ್ ಆದ್ದರಿಂದ 12 ವೋಲ್ಟಿನ ಅಡಾಪ್ಟರ್ ಜೊತೆಗೆ ಬರುವಂಥದ್ದೇ ಆಗಬೇಕು. ಕಡತಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ನಕಲು ಮಾಡಿ, ಡಿಸ್ಕಿನಲ್ಲಿ ಇರುವುದನ್ನು ಹಾಗೇ ಬಿಡಿ. ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕಿನಂತೆ ಸದ್ದು ಮಾಡಿ ಮುನ್ಸೂಚನೆ ಕೊಡುವುದಿಲ್ಲ. ಆದ್ದರಿಂದ ಸಂಘದ ತಿಂಗಳ ಸಭೆ ಮುಗಿದ ಸಂಜೆ ಆ ತಿಂಗಳ ಲೆಕ್ಕವನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಇನ್ನೊಬ್ಬ ಪದಾಧಿಕಾರಿಯ ಮನೆಯಲ್ಲಿ ಇಡಿಸಿ.